ಮಗಳಿಗೆ ಫೇಲಾಗಲು ಕಲಿಸಿದ ವಾರ

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕೇ ಹೇಳುತ್ತಿದ್ದೇನೆ. ಅಪ್ಪ ಸೇಡಂ ಕಡೆಯ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುತ್ತಿದ್ದ. ಅವ್ವನಿಗೆ ಸಹಿ ಬರುತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಕಾರಣ ಓದಿಗೆ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಹಿಂದಿನ ವರ್ಷ ಪರೀಕ್ಷೆ ಬರೆದವರನ್ನು ಹಿಡಿದು ಏನು ಬಂದಿತ್ತು ಎಂದು ಕೇಳುವುದು, ಹಳೆಯ ಪ್ರಶ್ನೆಪತ್ರಿಕೆ ಕೂಡಿಹಾಕುವುದು, ಬರುವಂಥದ್ದನ್ನಷ್ಟೇ ಬಾಯಿಪಾಠ ಮಾಡುವುದು. ಇದೇ ಪದ್ಧತಿಯಿಂದ ಹತ್ತನೇ ತರಗತಿ ದಾಟಿದೆ, ಪಿಯುಸಿ ದಾಟಿದೆ, ಬಿ.ಕಾಂ. ಅನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದೆ. ಕರಿ ಗೌನು ಹಾಕಿಕೊಂಡು ತೆಗೆಸಿದ ಫೋಟೋ ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಟಿವಿಯ ನೇರ ಮೇಲೆ ಇದೆ. ಬಂದವರು ಟಿವಿ ನೋಡಬೇಕೆಂದರೆ ನನ್ನನ್ನೂ ನೋಡಬೇಕು.

ಹಾಗಾಗಿ ಆಸ್ಪತ್ರೆಯಿಂದ ಫೋನು ಬಂದು, "ನಿಮ್ಮ ಮಗಳಿಗೆ ಒಂದು ಸಣ್ಣ ಪರೀಕ್ಷೆ ಇದೆ" ಎಂದಾಗ, ನನ್ನೊಳಗೆ ಬಹಳ ದಿನದಿಂದ ಮಲಗಿದ್ದ ವಿದ್ಯಾರ್ಥಿನಿ ಎದ್ದು ಕೂತಳು.

ಮಗಳಿಗೆ ನಾಲ್ಕು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು. ಆ ದಿನಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಕೂತರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಔಷಧಿ ಮುಗಿಯಿತು, ಬೆನ್ನಿಗೆ ಚುಚ್ಚುವ ಸೂಜಿ ಮುಗಿಯಿತು, ಮೊದಲು ನೆಟ್ಟಗಿದ್ದ ಕೂದಲು ಗುಂಗುರಾಗಿ ಹುಟ್ಟಿತು. ತಡವಾಗಿ ಶಾಲೆಗೆ ಸೇರಿದ್ದರಿಂದ ನಾಲ್ಕನೇ ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಎತ್ತರ. ಗುಂಪಿನ ಫೋಟೋದಲ್ಲಿ ಅವಳನ್ನೇ ಮಿಸ್ ಎಂದು ತಿಳಿದುಕೊಂಡವರೂ ಇದ್ದಾರೆ.

ಆದರೆ ಅವಳ ನೋಟ್‌ಬುಕ್ಕುಗಳಲ್ಲಿ ಯಾವ ವಾಕ್ಯವೂ ಮುಗಿಯುತ್ತಿರಲಿಲ್ಲ. ವಿಜ್ಞಾನದ ಪುಸ್ತಕದಲ್ಲಿ ಕಪ್ಪೆ ನೀರಿನಲ್ಲೂ ಬದುಕುತ್ತದೆ, ಅಲ್ಲಿಗೆ ನಿಂತಿತ್ತು. ಅದು ನೆಲಕ್ಕೆ ಬರುವಷ್ಟರಲ್ಲಿ ಮಿಸ್ ಬೋರ್ಡ್ ಒರೆಸಿಬಿಟ್ಟಿದ್ದರು. ಸಮಾಜದ ಪುಸ್ತಕದಲ್ಲಿ ಗೋದಾವರಿ ನದಿ ಸಮುದ್ರ ಸೇರದೆ ಹಾಳೆಯ ನಡುವೆಯೇ ಬತ್ತಿಹೋಗಿತ್ತು. ಮಿಸ್ ನನ್ನನ್ನು ಕರೆಸಿ ಹೇಳಿದರು, "ಬುದ್ಧಿ ಇದೆ ಮೇಡಂ, ಸೋಮಾರಿತನ ಜಾಸ್ತಿ. ಹೀಗೇ ಆದರೆ ಇನ್ನೊಂದು ವರ್ಷ ಇದೇ ಕ್ಲಾಸಿನಲ್ಲಿ ಕೂಡಿಸೋಣ." ಆಗಲೇ ಡೆಸ್ಕಿನಲ್ಲಿ ಕಾಲು ಹಿಡಿಸದೆ ಅಡ್ಡ ಕೂರುತ್ತಿದ್ದ ಹುಡುಗಿ. ಇನ್ನೊಂದು ವರ್ಷ ಕೂಡಿಸಿದರೆ ಅವಳು ಶಾಲೆಗೇ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು.

ಆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಫೋನು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಲ್ಲ ಇದನ್ನು ಮಾಡುತ್ತಾರಂತೆ. ಕೆಲವು ಮಕ್ಕಳಿಗೆ ಆ ಔಷಧಿಗಳಿಂದ ಮುಂದೆ ನೆನಪು, ಗಮನ, ಕೆಲಸದ ವೇಗ ಇವುಗಳಲ್ಲಿ ತೊಂದರೆ ಕಾಣಿಸಿಕೊಳ್ಳಬಹುದಂತೆ. ಇದ್ದರೆ ಬೇಗ ಗೊತ್ತಾಗಲಿ ಎಂದು ಪರೀಕ್ಷೆ. ಕೊನೆಯಲ್ಲಿ ಆ ನರ್ಸಮ್ಮ, "ತಯಾರಿ ಏನೂ ಬೇಡಮ್ಮಾ" ಎಂದರು.

ತಯಾರಿ ಬೇಡದ ಪರೀಕ್ಷೆಯನ್ನು ನಾನು ಕಂಡೇ ಇರಲಿಲ್ಲ. ಕಾಲೇಜಿನಲ್ಲಿ "ನಾ ಏನೂ ಓದಿಲ್ಲ ನೋಡು" ಎನ್ನುತ್ತಿದ್ದವರೆಲ್ಲ ಬೆಳತನಕ ಓದಿದವರೇ.

ಪರೀಕ್ಷೆಗೆ ಮೊದಲು ಒಂದು ಶನಿವಾರ ಮಗಳ ರಕ್ತ ತಪಾಸಣೆ ಇತ್ತು. ಆಸ್ಪತ್ರೆಯ ಆ ಹಾಲಿನಲ್ಲಿ ಶನಿವಾರ ಕೂತರೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ. ಬೀದರಿನವರು, ಯಾದಗಿರಿಯವರು, ರಾಯಚೂರಿನವರು, ಎಲ್ಲರ ಕೈಯಲ್ಲೂ ಎಕ್ಸರೇ ಕವರು, ಬುತ್ತಿಯ ಚೀಲ. ಒಳಗೆ ಅದೇ ಪರೀಕ್ಷೆ ಮುಗಿಸಿ ಒಂದು ಮಗು ಹೊರಬರುವುದೇ ತಡ, ತಾಯಂದಿರೆಲ್ಲ ಸುತ್ತುಗಟ್ಟಿದರು.

"ಏನ್ ಕೇಳಿದ್ರು, ಬಂಗಾರ?"

"ಐದು ಸಾಮಾನಿನ ಹೆಸರು ಹೇಳಿದ್ರು. ಆಮ್ಯಾಲ ಬ್ಯಾರೆ ಬ್ಯಾರೆ ಕೇಳಿ, ಮತ್ತ ಆ ಐದು ಹೇಳು ಅಂದ್ರು."

"ಯಾವ ಐದು?"

"ಗೊಡುಗು, ಕಿಟಿಕಿ, ಏನುಗು, ಸಬ್ಬು, ಜಾಮಕಾಯ."

ಛತ್ರಿ, ಕಿಟಕಿ, ಆನೆ, ಸಾಬೂನು, ಪೇರಲ. ಪರೀಕ್ಷೆ ತೆಲುಗಿನಲ್ಲಿ ನಡೆಯುತ್ತಿತ್ತು. ನಮ್ಮ ಮಗಳಿಗೆ ಅದರ ಚಿಂತೆ ಇಲ್ಲ. ಲೆಕ್ಕ ಇಂಗ್ಲಿಷಿನಲ್ಲಿ ಮಾಡುತ್ತಾಳೆ, ಜಗಳ ತೆಲುಗಿನಲ್ಲಿ ಆಡುತ್ತಾಳೆ, ಅಳುವುದು ಮಾತ್ರ ಕನ್ನಡದಲ್ಲಿ. ಎರಡನೇ ಮಗು ಹೊರಬಂದು, ಅಂಕಿಗಳನ್ನು ಹೇಳಿ ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಾರೆ ಎಂಬ ಸುದ್ದಿ ಕೊಟ್ಟಿತು. ಮೂರನೆಯದು ಬರುವಷ್ಟರಲ್ಲಿ ಇಡೀ ಪತ್ರಿಕೆ ನಮ್ಮ ಕೈಯಲ್ಲಿತ್ತು. ಯಾದಗಿರಿ ಕಡೆಯ ಒಬ್ಬ ತಾಯಿ ನನ್ನ ಮುಖ ನೋಡಿ, "ನೀವು ಓದಿದಾಕಿ ಇದ್ದಂಗ ಕಾಣ್ತೀರಿ" ಎಂದಳು. ಅಷ್ಟು ಸಾಕಾಯಿತು.

ಮನೆಯಲ್ಲಿ ಕೋಚಿಂಗ್ ಶುರುವಾಯಿತು. ನಾನು ಗ್ಯಾಸ್ ಏಜೆನ್ಸಿಯ ಆಫೀಸಿಗೆ ಹೋಗುವ ಹೊತ್ತಿನಲ್ಲಿ ನನ್ನ ಅತ್ತೆ ವಹಿಸಿಕೊಂಡರು. ಅವರಿಗೆ ಅಕ್ಷರ ಬರದು, ಆದರೆ ಮಗ ರೈಲ್ವೆಯಲ್ಲಿ ಇರುವುದರಿಂದ ಅಂಕಿಗಳ ಮೇಲೆ ತಮಗೂ ಒಂದು ಹಕ್ಕಿದೆ ಎಂದು ನಂಬಿದ್ದರು. ಹಿತ್ತಲ ಗೋಡೆಯಾಚೆ ಹಳಿ. ಸ್ಟೇಷನ್ನಿನ ಮೈಕಿನಲ್ಲಿ ಗಾಡಿಯ ನಂಬರು ಕೂಗಿದ ಕೂಡಲೇ ಅಜ್ಜಿ ಮೊಮ್ಮಗಳು ಇಬ್ಬರೂ ಅದನ್ನು ಉಲ್ಟಾ ಹೇಳಬೇಕು. ಯಾರು ಮೊದಲು ಹೇಳುತ್ತಾರೋ ಅವರಿಗೆ ಒಂದು ಬೆಲ್ಲದ ಚೂರು. ಅತ್ತೆಯವರ ಸಕ್ಕರೆ ಕಾಯಿಲೆ ಹೆಚ್ಚಾದದ್ದು ಆ ದಿನಗಳಲ್ಲೇ.

ನನ್ನ ಗಂಡ ಡ್ಯೂಟಿ ಮುಗಿಸಿ ಬಂದರೆ ಅವರ ತಾಯಿ ಚಿಲಕ ತೆಗೆಯುತ್ತಿರಲಿಲ್ಲ.

"ಫೋನ್ ನಂಬರ್ ಉಲ್ಟಾ ಹೇಳಿ ಒಳಗ ಬಾ."

"ಅವ್ವಾ, ಹಸದೀನಿ."

"ಕೂಸು ಹೇಳತೈತಿ. ನಿನಗ ಬರಂಗಿಲ್ಲೇನು?"

ಅವರು ಮೆಟ್ಟಿಲ ಮೇಲೆ ನಿಂತು ಬೆರಳು ಮಡಚುತ್ತ ಹೇಳುತ್ತಿದ್ದರು. ಅಭ್ಯಾಸ ಎಷ್ಟಾಯಿತೆಂದರೆ ಒಮ್ಮೆ ಮೇಲಧಿಕಾರಿಗೆ ಬೋಗಿಯ ನಂಬರನ್ನೂ ಉಲ್ಟಾ ವರದಿ ಮಾಡಿದರು. ಒಂದು ಶಿಫ್ಟಿನ ಜನ ಇಲ್ಲದ ಬೋಗಿಯನ್ನು ಯಾರ್ಡಿನ ತುಂಬಾ ಹುಡುಕಿದರಂತೆ.

ಅತ್ತೆ ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ, "ಗೊಡುಗು, ಕಿಟಿಕಿ, ಏನುಗು, ಸಬ್ಬು, ಜಾಮಕಾಯ" ಎಂದು ಹೇಳಿಕೊಳ್ಳುತ್ತಿದ್ದರು. ತಮಗೆ ಮರೆತರೆ ಕೂಸಿಗೆ ಹೇಳಿಕೊಡುವವರು ಯಾರು ಎಂಬ ಕಾಳಜಿ. ಪಕ್ಕದ ಮನೆಯ ತೆಲುಗಿನ ಆಂಟಿ ಮೂರು ದಿನ ಕೇಳಿಸಿಕೊಂಡು ನಾಲ್ಕನೇ ದಿನ ಕಾಂಪೌಂಡಿನ ಬಳಿ ನನ್ನನ್ನು ನಿಲ್ಲಿಸಿ, ನಿಮ್ಮ ಕನ್ನಡದವರಲ್ಲಿ ಇದು ಯಾವ ದೇವರ ಸ್ತೋತ್ರ, ಸಾಬೂನು ಯಾಕೆ ಬರುತ್ತದೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಮಗಳು ಹುಷಾರಾಗಲು ಹೇಳುತ್ತೇವೆ ಎಂದೆ. ಅದು ಸುಳ್ಳೇನೂ ಅಲ್ಲ. ಆ ಸಂಜೆಯಿಂದ ಅವರ ಮನೆಯಲ್ಲೂ ದೀಪ ಹಚ್ಚುವ ಹೊತ್ತಿಗೆ ಗೊಡುಗು, ಕಿಟಿಕಿ ಕೇಳಿಸತೊಡಗಿತು.

ಪರೀಕ್ಷೆಯ ದಿನ ಮಗಳಿಗೆ ಹೊಸ ಫ್ರಾಕು ಹಾಕಿ, ಮೊಸರು ಸಕ್ಕರೆ ತಿನ್ನಿಸಿ ಕರೆದುಕೊಂಡು ಹೋದೆವು. ಒಳಗೆ ಹೋದವಳು ಹತ್ತೇ ನಿಮಿಷಕ್ಕೆ ಹೊರಬಂದಳು. ಹಿಂದೆಯೇ ಮನಃಶಾಸ್ತ್ರದ ಮೇಡಂ ಬಂದರು. ನನಗಿಂತ ಚಿಕ್ಕವರು, ಕನ್ನಡಕ, ಕುತ್ತಿಗೆಯಲ್ಲಿ ಗುರುತಿನ ಚೀಟಿ.

"ಚಾಲಾ ಬಾಗಾ ಚೇಸಿಂದಮ್ಮಾ," ಎಂದರು. ಬಹಳ ಚೆನ್ನಾಗಿ ಮಾಡಿದ್ದಾಳಂತೆ. "ಇವಳಿಗೆ ದೊಡ್ಡ ಪರೀಕ್ಷೆಯ ಅಗತ್ಯ ಕಾಣಿಸುವುದಿಲ್ಲ."

ದೊಡ್ಡ ಪರೀಕ್ಷೆಯಿಂದಲೇ ವಿನಾಯಿತಿ. ನಾನು ಬಿ.ಕಾಂ. ಪಾಸಾದ ದಿನವೂ ಇಷ್ಟು ಹಿಗ್ಗಿರಲಿಲ್ಲ. ಊರಿಗೆ ಫೋನು ಮಾಡಿದೆ. ಅಪ್ಪ ನನ್ನ ರಿಸಲ್ಟಿನ ದಿನ ಕೇಳಿದ್ದನ್ನೇ ಕೇಳಿದ, "ಪಾಸೇನು?" ಹೌದಪ್ಪಾ ಎಂದೆ. ಅತ್ತೆ ಕ್ವಾರ್ಟರ್ಸಿನ ತುಂಬಾ ಪೇಡಾ ಹಂಚಿದರು. ತೊಂದರೆ ಕಂಡುಬಂದಿಲ್ಲ ಎಂದು ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ನಾನೇ ಶಾಲೆಗೆ ಒಯ್ದು ಮಿಸ್ಸಿನ ಕೈಗಿಟ್ಟೆ.

ಮಿಸ್ ಓದಿದರು. "ನೋಡಿದಿರಾ ಮೇಡಂ," ಎಂದರು, "ಆಸ್ಪತ್ರೆಯವರೇ ಬರೆದು ಕೊಟ್ಟಿದ್ದಾರೆ. ಹಾಗಾದರೆ ಇದು ಸೋಮಾರಿತನವೇ."

ಮರುದಿನದಿಂದ ಮಗಳಿಗೆ ಆಟದ ಬಿಡುವು ಬಂದ್. ಎಲ್ಲರೂ ಹೊರಗೆ ಆಡುವಾಗ ಅವಳು ಒಳಗೆ ಕೂತು ನೋಟ್ಸ್ ಮುಗಿಸಬೇಕು. ಮುಗಿಯುತ್ತಿರಲಿಲ್ಲ. ನಾಲ್ಕೈದು ದಿನವಾದ ಮೇಲೆ ಬುತ್ತಿಡಬ್ಬಿ ಹಾಗೇ ತಿರುಗಿ ಬರುವುದು ಕಂಡು ಕೇಳಿದೆ. "ಊಟ ಮಾಡಿದ್ರ ಬರಿಯಾಕ ಟೈಮ್ ಸಾಲಂಗಿಲ್ಲ ಮಮ್ಮಿ," ಎಂದಳು. ದೂರುವ ದನಿ ಇರಲಿಲ್ಲ. ಲೆಕ್ಕ ಹೇಳುವ ದನಿ ಇತ್ತು.

ನಾನು ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆ. ತನ್ನ ಮಗಳು ಅಷ್ಟೇನೂ ಶಾಣ್ಯಾ ಅಲ್ಲ ಎಂದು ವಾದ ಮಾಡಲು ಬಂದ ತಾಯಿಯನ್ನು ಆ ಮೇಡಂ ಮೊದಲ ಸಲ ಕಂಡಿರಬೇಕು. ಹೈದರಾಬಾದಿನ ಹಿಂದಿಯಲ್ಲಿ, ನಡುನಡುವೆ ನನ್ನ ಹರಕು ತೆಲುಗಿನಲ್ಲಿ, ಬೆಲ್ಲದ ಚೂರಿನ ಸಮೇತ ಎಲ್ಲ ಹೇಳಿದೆ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ನಾನು ಆನೆ ಅನ್ನುವಷ್ಟರಲ್ಲಿ ಅವಳು ಸಾಬೂನು, ಪೇರಲ ಎರಡನ್ನೂ ಹೇಳಿಬಿಟ್ಟಳು. ಬಹಳ ಉತ್ಸಾಹದ ಹುಡುಗಿ ಅಂದುಕೊಂಡೆ."

ಆಮೇಲೆ ತಿಳಿಸಿ ಹೇಳಿದರು. ಇದು ಜರಡಿ ಇದ್ದ ಹಾಗಮ್ಮಾ. ಜರಡಿಯಲ್ಲಿ ಉಳಿದವರಿಗೆ ದೊಡ್ಡ ಪರೀಕ್ಷೆ, ಅದರಲ್ಲಿ ತೊಂದರೆ ಕಂಡರೆ ಶಾಲೆಗೆ ಪತ್ರ, ಸಹಾಯ. ಕೆಳಗೆ ಬಿದ್ದವರು ಮನೆಗೆ. ನೀವು ಮಗುವನ್ನು ಪುಡಿ ಮಾಡಿ ಕೆಳಗೆ ಬೀಳಿಸಿದಿರಿ.

"ಮೇಡಂ, ಇಷ್ಟು ವರ್ಷ ನಾನು ಪಾಸಾದದ್ದೇ ಹೀಗೆ," ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಗೊತ್ತಮ್ಮಾ. ಇದು ಪಾಸಾಗುವ ಪರೀಕ್ಷೆ ಅಲ್ಲ," ಎಂದರು. ಮುಂದಿನ ಶನಿವಾರ ದೊಡ್ಡ ಪರೀಕ್ಷೆಗೇ ಸಮಯ ಕೊಟ್ಟರು. ಅದರ ಪ್ರಶ್ನೆ ಯಾರಿಗೂ ಗೊತ್ತಿಲ್ಲ. "ಈ ಸಲ ಏನೂ ಕಲಿಸಬೇಡಿ."

ಮನೆಗೆ ಬಂದು ಅದನ್ನೇ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಿ ಯೋಚಿಸಿದರು.

"ಅಂದ್ರ, ಹ್ವಾದ ಸಲ ಕಲಿಸಿದ್ವಿ, ಪಾಸಾತು, ಅದಕ್ಕ ಕೆಟ್ಟಿತು."

"ಹೂಂ ರೀ, ಅತ್ತಿ."

"ಹಂಗಾದ್ರ ಈ ಸಲ ಫೇಲ್ ಆಗೂದು ಕಲಿಸಬೇಕು."

"ಏನೂ ಕಲಿಸಬ್ಯಾಡ ಅಂದಾರ್ರಿ."

"ಹ್ವಾದ ಸಲಾನೂ ತಯಾರಿ ಬ್ಯಾಡ ಅಂದಿದ್ರು. ನೀ ಕೇಳಿದಿ ಏನು?"

ಕೇಳಿರಲಿಲ್ಲ, ನಿಜ. ಮೇಲಾಗಿ, ಮತ್ತೊಮ್ಮೆ ತೊಂದರೆ ಇಲ್ಲ ಎಂಬ ಹಾಳೆ ಬಂದರೆ ಮಗಳು ಅದೇ ಕ್ಲಾಸಿನಲ್ಲಿ ಉಳಿಯುವುದು ಖಂಡಿತ. ನಾನು ಸುಮ್ಮನಾದೆ. ಸುಮ್ಮನಾಗುವುದು ಎಂದರೆ ನಮ್ಮ ಮನೆಯಲ್ಲಿ ಅಪ್ಪಣೆ ಕೊಟ್ಟ ಹಾಗೆ.

ನಮ್ಮ ಎರಡೂ ಮನೆತನಗಳಲ್ಲಿ ಫೇಲಾದವರಿಗೆ ಬರವಿಲ್ಲ. ನನ್ನ ಇಬ್ಬರು ಅಣ್ಣಂದಿರು ಹತ್ತನೇ ತರಗತಿಯಲ್ಲಿ, ನನ್ನ ಮೈದುನ ಐಟಿಐಯಲ್ಲಿ, ಯಾರ ಸಹಾಯವೂ ಇಲ್ಲದೆ ತಾವೇ ಫೇಲಾಗಿದ್ದರು. ಅದಕ್ಕೂ ಕೋಚಿಂಗ್ ಬೇಕಾದೀತು ಎಂದು ಯಾರೂ ಕನಸಿನಲ್ಲಿಯೂ ನೆನೆಸಿರಲಿಲ್ಲ. ಅತ್ತೆ ಶುರು ಮಾಡಿದರು.

"ಎರಡು, ಒಂಬತ್ತು, ನಾಕು. ಉಲ್ಟಾ ಹೇಳು."

"ನಾಕು, ಒಂಬತ್ತು, ಎರಡು."

"ತಪ್ಪು ಹೇಳಬೇಕವ್ವಾ."

"ಎಲ್ಲಾ ತಪ್ಪು ಹೇಳಲೋ, ನಡುವಿಂದು ಅಷ್ಟ ತಪ್ಪು ಹೇಳಲೋ?"

ಅತ್ತೆ ನನ್ನ ಕಡೆ ನೋಡಿದರು. ನಾನು ಫೋಟೋದಲ್ಲಿದ್ದ ಗೌನಿನವಳ ಕಡೆ ನೋಡಿದೆ. ಅವಳ ಸಿಲಬಸ್ಸಿನಲ್ಲಿ ಇದು ಇರಲಿಲ್ಲ.

"ಎಲ್ಲಾ ತಪ್ಪು ಹೇಳಿದ್ರ ಸಂಶಯ ಬರತೈತಿ," ಎಂದು ನನ್ನ ಗಂಡ ಒಳಗಿನಿಂದಲೇ ಅಭಿಪ್ರಾಯ ಕೊಟ್ಟರು. "ಒಂದು ಸರಿ, ಎರಡು ತಪ್ಪು."

ತಪ್ಪು ಹೇಳಲು ಮಗಳು ಮೊದಲು ಸರಿಯುತ್ತರ ಹುಡುಕಬೇಕು, ಆಮೇಲೆ ಅದನ್ನು ಬಿಟ್ಟು ಬೇರೊಂದು ಹುಡುಕಬೇಕು, ಎರಡು ತಪ್ಪಾದ ಮೇಲೆ ಒಂದು ಸರಿ ಎಂಬ ಲೆಕ್ಕವನ್ನೂ ನೆನಪಿಡಬೇಕು. ಪಾಸಾಗಲು ಇದರ ಅರ್ಧದಷ್ಟು ತಲೆಯೂ ಬೇಕಿರಲಿಲ್ಲ. ಬುಧವಾರದ ಹೊತ್ತಿಗೆ ಮಗಳಿಗಲ್ಲ, ಅತ್ತೆಗೆ ಯಾವುದು ಸರಿ ಯಾವುದು ತಪ್ಪು ಎಂದು ಗೊಂದಲವಾಗಿ, ಮೈಕಿನಲ್ಲಿ ಸರಿಯಾಗಿ ಕೂಗಿದ ಗಾಡಿ ನಂಬರಿಗೂ "ತಪ್ಪು ಹೇಳಾಕತ್ತಾರ" ಎನ್ನತೊಡಗಿದರು.

ಶನಿವಾರ ಬಂತು. ಈ ಸಲ ಮೊಸರು ಸಕ್ಕರೆ ಕೊಡಬೇಕೋ ಬೇಡವೋ ಎಂದು ಚರ್ಚೆಯಾಗಿ, ಬರೀ ಮೊಸರು ಕೊಟ್ಟೆವು. ಮೇಡಂ ಮಗಳನ್ನು ಕೋಣೆಗೆ ಕರೆದುಕೊಂಡರು. ಬಾಗಿಲಲ್ಲಿ ಗಾಜಿನ ಕಿಂಡಿ ಇತ್ತು. ನಾನು, ಅತ್ತೆ ಇಬ್ಬರೂ ಅಲ್ಲೇ ನಿಂತಿದ್ದೆವು. ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಮಗಳು ಕುರ್ಚಿಯಲ್ಲಿ ನೆಟ್ಟಗೆ ಕೂತು ತೆಲುಗಿನಲ್ಲಿ ಕೇಳಿದಳು, "ಆಂಟೀ, ಇವತ್ತು ತಪ್ಪು ಹೇಳು ಅಂತ ನಮ್ಮ ಅಜ್ಜಿ ಹೇಳಿದ್ದಾಳೆ. ಎಷ್ಟು ತಪ್ಪಾದರೆ ಸಾಕು?"

ಮೇಡಂ ಪೆನ್ಸಿಲ್ ಕೆಳಗಿಟ್ಟರು. ಎದ್ದು ಬಂದು ಬಾಗಿಲು ತೆರೆದರು. ಅತ್ತೆ ಸೆರಗು ಸರಿ ಮಾಡಿಕೊಂಡು ನನ್ನ ಹಿಂದೆ ಸರಿದರು. ನನ್ನ ಹಿಂದೆ ಅವರು ಹಿಡಿಸುವುದಿಲ್ಲ.

"ಯಾರಮ್ಮಾ ಅಜ್ಜಿ?"

"ಅಜ್ಜಿಗೆ ಕನ್ನಡ ಅಷ್ಟ ಬರತೈತಿ ಅಂತ ಹೇಳು," ಎಂದು ಅತ್ತೆ ನನ್ನ ಬೆನ್ನಿಗೆ ಹೇಳಿದರು. ನಿನ್ನೆಯವರೆಗೆ ತೆಲುಗಿನಲ್ಲಿ ಸ್ತೋತ್ರ ಹೇಳಿದವರು.

ಮೇಡಂ ತುಟಿ ಕಚ್ಚಿ ನಿಂತಿದ್ದರು. ಆಮೇಲೆ ಮಗಳ ಪಕ್ಕ ಕೂತು ಏನೋ ಹೇಳಿದರು. ಅದೇನೆಂದು ಮಗಳು ಆಮೇಲೆ ಹೇಳಿದ್ದು ಇಷ್ಟೇ: ಸರಿಯೂ ಬೇಡ, ತಪ್ಪೂ ಬೇಡ, ಹೇಗೆ ಬರುತ್ತದೋ ಹಾಗೆ ಮಾಡು, ಇಲ್ಲಿ ಯಾರೂ ಮಾರ್ಕ್ಸ್ ಹಾಕುವುದಿಲ್ಲ.

ಪರೀಕ್ಷೆ ಬಹಳ ಹೊತ್ತು ನಡೆಯಿತು. ಅತ್ತೆ ಕೆಳಗೆ ಚಹಾ ಕುಡಿಯಲು ಹೋದರು. ನಾನು ಕಿಂಡಿಯಲ್ಲೇ ಇದ್ದೆ. ಕೊನೆಯ ಹೊತ್ತಿಗೆ ಒಂದು ಹಾಳೆ ಕೊಟ್ಟರು. ಮೇಲೆ ಒಂದೊಂದು ಅಂಕಿಯ ಕೆಳಗೆ ಒಂದೊಂದು ಗುರುತು, ತ್ರಿಕೋನ, ಗೆರೆ, ಚುಕ್ಕಿ. ಕೆಳಗೆ ಸಾಲು ಸಾಲು ಅಂಕಿಗಳು. ಯಾವ ಅಂಕಿಗೆ ಯಾವ ಗುರುತು ಎಂದು ನೋಡಿ ತುಂಬಬೇಕು. ಮೇಡಂ ಗಡಿಯಾರ ಒತ್ತಿದರು.

ಮಗಳು ಮೇಲೆ ನೋಡಿದಳು, ಕೆಳಗೆ ನೋಡಿದಳು, ಮತ್ತೆ ಮೇಲೆ ನೋಡಿದಳು. ತ್ರಿಕೋನ ಬರೆದಳು. ಅದರ ಮೂಲೆ ಕೂಡಿಲ್ಲವೆಂದು ಕೂಡಿಸಿದಳು. ಮತ್ತೆ ಮೇಲೆ. ನನ್ನ ಕೈ ಬಾಗಿಲ ಹಿಡಿಯ ಮೇಲೆ ತಾನಾಗಿ ಬರೆಯುತ್ತಿತ್ತು. ಅವಳ ಒಂದು ಗುರುತಿಗೆ ನನ್ನವು ಮೂರು ಆಗಿದ್ದವು. ಅವಳ ನಾಲಿಗೆಯ ತುದಿ ಹೊರಗೆ ಬಂದಿತ್ತು. ಸೂಜಿ ಚುಚ್ಚುವಾಗ ಹೀಗೇ ಹಿಡಿಯುತ್ತಿದ್ದಳು. ಸೋಮಾರಿಗಳ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಅದು ಹಾಗಿರುವುದಿಲ್ಲ. ಗಡಿಯಾರ ಕೂಗಿದಾಗ ಹಾಳೆಯ ಮುಕ್ಕಾಲು ಭಾಗ ಖಾಲಿ ಇತ್ತು.

ಮೇಡಂ ಹಾಳೆ ತಂದು ತೋರಿಸಿದರು.

"ಎಷ್ಟು ತಪ್ಪು?" ಎಂದೆ. ಅದನ್ನು ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ಒಂದೂ ಇಲ್ಲ," ಎಂದರು. "ಅದೇ ನೋಡಿ. ಅವಳಿಗೆ ಗೊತ್ತಿದೆ. ತಡ ಆಗುತ್ತದೆ, ಅಷ್ಟೇ. ತಡ ಆಗುವುದು ಅವಳ ಕೈಯಲ್ಲಿಲ್ಲ."

ಮಗಳು ಹೊರಬಂದು ನೀರು ಕೇಳಿದಳು. ಕುಡಿದು, "ಆ ಆಂಟಿ ಬೋರ್ಡ್ ಒರಸಲಿಲ್ಲ ಮಮ್ಮಿ," ಎಂದಳು.

ಮುಂದಿನ ವಾರ ಪತ್ರ ಬಂತು. ಈ ಮಗುವಿಗೆ ಬರೆಯಲು ಹೆಚ್ಚು ಸಮಯ ಕೊಡಬೇಕು, ಬೋರ್ಡಿನ ಪಾಠವನ್ನು ಹಾಳೆಯಲ್ಲಿ ಕೊಡಬೇಕು, ಮುಂದಿನ ಬೆಂಚಿನಲ್ಲಿ ಕೂಡಿಸಬೇಕು, ಆಟದ ಬಿಡುವು ಕಸಿಯಬಾರದು. ಮಿಸ್ ಎರಡು ಸಲ ಓದಿ, "ಮೊದಲು ಕೊಟ್ಟ ಪತ್ರ ಬೇರೆ ಇತ್ತಲ್ಲ ಮೇಡಂ?" ಎಂದರು. "ಅದು ನಾನು ಬರೆದ ಪರೀಕ್ಷೆ, ಇದು ಅವಳು ಬರೆದದ್ದು," ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಶಾಲೆಯ ಹೆಡ್ ಮೇಡಂಗೆ ತೋರಿಸಿ ಒಪ್ಪಿದರು. ಇದೇ ಕ್ಲಾಸಿನಲ್ಲಿ ಕೂಡಿಸುವ ಮಾತು ವಾರ್ಷಿಕ ಪರೀಕ್ಷೆ ಆಗುವವರೆಗೆ ಬೇಡ ಎಂದರು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. "ಪಾಸೋ, ಫೇಲೋ?"

"ಎರಡೂ ಅಲ್ಲರಿ."

ಅತ್ತೆ ಎಂಥ ಪರೀಕ್ಷೆಗೂ ಪೇಡಾ ತರಿಸುವವರು. ಈ ಸಲ ಏನು ತರಿಸಬೇಕೆಂದು ತೋಚದೆ ಅರ್ಧ ಕಿಲೋ ಖಾರಾ ತರಿಸಿದರು. ಪಕ್ಕದ ಆಂಟಿಗೆ ಕೊಡುವಾಗ, "ಆ ಸ್ತೋತ್ರ ಇನ್ನ ಬಿಡ್ರಿ, ಕೆಲಸ ಆತು" ಎಂದು ನನ್ನಿಂದ ತೆಲುಗಿನಲ್ಲಿ ಹೇಳಿಸಿದರು. ಆಂಟಿ ಬಿಡಲಿಲ್ಲ. ಅವರ ಅಳಿಯನಿಗೆ ಕೊಂಡಾಪುರದಲ್ಲಿ ನೌಕರಿ ಸಿಕ್ಕಿತ್ತಂತೆ.

ವಾರ್ಷಿಕ ಪರೀಕ್ಷೆ ಬಂತು. ಹೆಚ್ಚಿನ ಸಮಯ ಸಿಕ್ಕಿದ್ದರಿಂದ ಶಾಲೆಯ ವ್ಯಾನು ಅವಳನ್ನು ಬಿಟ್ಟು ಹೋಗುತ್ತಿತ್ತು. ಇದನ್ನು ಯಾವ ಪತ್ರದಲ್ಲೂ ಯಾರೂ ಬರೆದಿರಲಿಲ್ಲ. ನಾನು ಮತ್ತು ಅತ್ತೆ ಆಟೋ ಮಾಡಿಕೊಂಡು ಹೋಗಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆವು. ವಿಜ್ಞಾನ ಪರೀಕ್ಷೆಯ ದಿನ ಎಲ್ಲ ಮಕ್ಕಳೂ ಹೋದರು, ವ್ಯಾನುಗಳು ಹೋದವು, ಐಸ್ ಗೋಲಾದವನೂ ಹೋದ. ವಾಚ್‌ಮನ್ ಒಂದು ಗೇಟು ಎಳೆದು ನಮ್ಮನ್ನು ನೋಡಿದ.

"ಅಂದರೂ ವೆಳ್ಳಿಪೋಯಾರು ಗದಮ್ಮಾ." ಎಲ್ಲರೂ ಹೋದರಲ್ಲಮ್ಮಾ ಎಂದ.

ಅತ್ತೆಗೆ ತೆಲುಗು ಬಂತು ಆಗ. ಬರದಿದ್ದ ಕಡೆ ಕನ್ನಡ ಸೇರಿಸಿಕೊಂಡರು. "ನಮ್ಮಾಕಿ ಇನ್ನೂ ಬರಿಯಾಕತ್ತಾಳ," ಎಂದರು, ಇಡೀ ಬೀದಿಗೆ ಕೇಳುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಕಪ್ಪೆ ಪ್ರಶ್ನೆ ಬಂದಿದ್ರ ಅದು ಇಷ್ಟೊತ್ತಿಗೆ ನೆಲಕ್ಕ ಬಂದಿರತೈತಿ ನೋಡು" ಎಂದು ಮರದ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು.

ವಾಚ್‌ಮನ್ ಇನ್ನೊಂದು ಗೇಟನ್ನು ತೆರೆದೇ ಇಟ್ಟ.